ಮೊಮ್ಮಗಳ ಜೀಪಿಗೆ ಬಾಗದ ರಾಡು

ನನ್ನ ಮೊಮ್ಮಗಳು ಜೀಪು ಹೊಡೆಯುತ್ತಾಳೆ. ಇದನ್ನು ಬರೆದು ಒಮ್ಮೆ ಓದಿಕೊಂಡೆ. ಚೆನ್ನಾಗಿ ಕಂಡಿತು, ಮತ್ತೊಮ್ಮೆ ಓದಿಕೊಂಡೆ. ಹುಕ್ಕೇರಿ ಕಡೆಯ ತವರಿನಲ್ಲಿ ಮೂರನೇ ಇಯತ್ತೆಯವರೆಗೆ ನಾನು ಕನ್ನಡ ಶಾಲೆಗೆ ಹೋಗಿದ್ದೆ. ಆಮೇಲೆ ಕುರಿಯ ಹಿಂದೆ ಕಳಿಸಿದರು, ಅದಾದ ಮೇಲೆ ಗಡಿಯಾಚೆಯ ಮಹಾಗಾಂವಕ್ಕೆ ಕೊಟ್ಟರು. ಇಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಆ ಮೂರು ವರ್ಷದ ಅಕ್ಷರಗಳನ್ನು ಇಷ್ಟು ದಿನ ತವರಿನಿಂದ ಬರುವ ಲಗ್ನಪತ್ರಿಕೆ ಓದುವುದಕ್ಕೆ ಮಾತ್ರ ಬಳಸುತ್ತಿದ್ದೆ. ಈಗ ಒಳ್ಳೆಯ ಕೆಲಸಕ್ಕೆ ಬಂದವು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ. ಕುಳಿತು ಓದುವವರಿಗೆ ಅಷ್ಟಾದರೂ ಕೆಲಸ ಬೇಕು.

ಜೀಪು ಎಂದ ಕೂಡಲೇ ಕೊಲ್ಹಾಪುರದಲ್ಲಿ ಮನೆ ಮುಂದೆ ತೊಳೆದು ಒರೆಸಿ, ಮೇಲೊಂದು ಹೊದಿಕೆ ಹೊದಿಸಿ ನಿಲ್ಲಿಸುತ್ತಾರಲ್ಲ, ಅದನ್ನು ನೆನೆಸಿಕೊಳ್ಳಬೇಡಿ. ಅವು ಜೀಪಲ್ಲ, ಮದುವಣಗಿತ್ತಿಯರು. ನಮ್ಮದು ನಾಲ್ಕೂ ಗಾಲಿಗೆ ಜೋರು ಹೋಗುವ ಹಳೆಯ ಗಾಡಿ. ಬಾಗಿಲಿಲ್ಲ, ಬಾಗಿಲಿನ ಜಾಗದಲ್ಲಿ ಹಗ್ಗ. ಮಳೆಗಾಲದಲ್ಲಿ ನಮ್ಮ ಕುರಿ ಊರಲ್ಲಿರುವುದಿಲ್ಲ. ಎರೆಮಣ್ಣಿನ ಕೆಸರಿನಲ್ಲಿ ನಿಂತರೆ ಗೊರಸು ಕೊಳೆಯುತ್ತವೆ. ಅದಕ್ಕೆ ಗುಡ್ಡದ ಮೇಲಿನ ಹಾಸುಬಂಡೆಯ ಬಯಲಿಗೆ ಹೊಡೆದುಕೊಂಡು ಹೋಗಿ ಅಲ್ಲೇ ಹಟ್ಟಿ ಹಾಕುತ್ತೇವೆ. ಮಗ ಕುರಿಯ ಜೊತೆ ಅಲ್ಲಿರುತ್ತಾನೆ. ಅವನಿಗೆ ಬುತ್ತಿ, ಕುರಿಗೆ ಉಪ್ಪು, ಔಷಧ ಮೇಲೆ ಹೋಗಬೇಕು. ಅಲ್ಲಿ ಹುಟ್ಟಿದ ಮರಿಗಳು ಚಳಿಗೆ ಸೆಟೆದುಕೊಳ್ಳುವ ಮೊದಲು ಕೆಳಗೆ ಬರಬೇಕು. ದಾರಿ ಎಂದರೆ ಹಳ್ಳವೇ. ಹರಿಯುವ ನೀರಿನಲ್ಲಿ, ಕಲ್ಲಿನಿಂದ ಕಲ್ಲಿಗೆ ಗಾಲಿ ಹತ್ತಿಸಿಕೊಂಡು ಹೋಗಬೇಕು. ಊರಿನ ಮೀಸೆಯವರು ಯಾರೂ ಅಲ್ಲಿ ಗಾಡಿ ಇಳಿಸುವುದಿಲ್ಲ. ನನ್ನ ಮೊಮ್ಮಗಳು ಇಳಿಸುತ್ತಾಳೆ, ಹಾಡು ಗುನುಗುತ್ತ ಇಳಿಸುತ್ತಾಳೆ. ಹನ್ನೆರಡನೇ ಇಯತ್ತೆ ಮುಗಿಸಿ, ಕಾಲೇಜು ಬೇಡ ಕುರಿ ಬೇಕು ಎಂದವಳು ಅವಳು. ಆಗ ಊರೆಲ್ಲ ನಕ್ಕಿತು. ನಕ್ಕವರು ಈಗ ಹಬ್ಬಕ್ಕೆ ಟಗರು ಬೇಕಾದರೆ ಅವಳ ಎದುರಿಗೇ ಬಂದು ನಿಲ್ಲುತ್ತಾರೆ.

ಜೀಪಿನ ಮುಂದಿನ ಎರಡು ಗಾಲಿಗಳ ನಡುವೆ, ಕೆಳಗೆ, ಒಂದು ಉದ್ದನೆಯ ಕಬ್ಬಿಣದ ಕೋಲು ಇರುತ್ತದೆ. ಸ್ಟೇರಿಂಗ್ ತಿರುಗಿಸಿದರೆ ಎರಡೂ ಗಾಲಿ ಕೂಡಿಯೇ ತಿರುಗುವುದು ಆ ಕೋಲಿನಿಂದ. ಅದಕ್ಕೆ ಟೈ ರಾಡು ಎನ್ನುತ್ತಾರೆ. ನಮ್ಮ ಹಳ್ಳದಲ್ಲಿ ಎಮ್ಮೆ ಮಲಗಿದಂಥ ಒಂದು ಕಲ್ಲಿದೆ. ಹೋದ ಮಳೆಗಾಲದಲ್ಲಿ ಆ ಎಮ್ಮೆಕಲ್ಲಿಗೆ ತಗುಲಿ ರಾಡು ಎರಡು ಸಲ ಬಾಗಿತು. ಬಾಗಿದರೆ ಒಂದು ಗಾಲಿ ಆಜರೆಗೆ ಹೊರಟಂತೆ, ಇನ್ನೊಂದು ಸಂಕೇಶ್ವರಕ್ಕೆ ಹೊರಟಂತೆ ಆಗುತ್ತದೆ. ಎರಡನೆಯ ಸಲ ಬಾಗಿದಾಗ ಹುಡುಗಿ ಆರು ಮರಿಗಳನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತುಕೊಂಡು, ಮೊಣಕಾಲು ನೀರಿನಲ್ಲಿ ನಡೆದು ಮನೆಗೆ ಬಂದಳು. ಒಂದು ಮರಿಯೂ ಸಾಯಲಿಲ್ಲ. ಅದನ್ನು ಯಾರೂ ಹೇಳುವುದಿಲ್ಲ. ರಾಡು ಬಾಗಿದ್ದನ್ನೇ ಹೇಳುತ್ತಾರೆ.

ಅವಳ ಅಪ್ಪ, ಎಂದರೆ ನನ್ನ ಮಗ, ಈ ವರ್ಷ ಮಳೆ ಹಿಡಿಯುವ ಮೊದಲೇ ಅಂಗಳದಲ್ಲಿ ನಿಂತು ಹೇಳಿಬಿಟ್ಟ.

“ಯವ್ವಾ, ಇನ್ನೊಂದ ಸಲ ಆ ರಾಡ್ ಬಾಗಿತಂದ್ರ ಜೀಪು ದಾಜಿಗಿ ಕೊಟ್ಟಬಿಡ್ತೇನಿ. ಈಕಿ ಗುಡ್ಡಾ ಹತ್ತೂದೂ ಸಾಕು, ಮಂದಿ ಬಾಯಾಗ ಬೀಳೂದೂ ಸಾಕು.”

ಅವನ ದಾಜಿ ಎಂದರೆ ನನ್ನ ಮಗಳ ಗಂಡ, ನಮ್ಮ ಅಳಿಯಂದಿರು. ಕೊಲ್ಹಾಪುರದಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲಿನ ಅಂಗಡಿ. ಜೀಪಿನ ಮೇಲೆ ಅವರಿಗೆ ಮೂರು ವರ್ಷದಿಂದ ಕಣ್ಣು. ಅದಕ್ಕೆ ಬಣ್ಣ ಹೊಡೆಸಿ, ತಲೆಯ ಮೇಲೆ ಆರು ದೀಪ ಕೂರಿಸಿ, ಭಾನುವಾರ ಒಂದು ಸುತ್ತು ಹೊಡೆದು ಫೋಟೊ ತೆಗೆಸಿಕೊಳ್ಳುವ ಆಸೆ. ಮೊಮ್ಮಗಳು ಜೀಪಿನ ಹತ್ತಿರ ಹೋದಳು. ಬೋನೆಟ್ಟಿನ ಮೇಲೆ ಕೈ ಇಟ್ಟುಕೊಂಡು ನಿಂತಳು, ಅಷ್ಟೇ. ಜೀಪು ಹೋದರೆ ಮಳೆಗಾಲವಿಡೀ ಅವಳಿಗೆ ಅಡುಗೆಮನೆ. ಕುರಿ ಅವಳ ಕೈ ತಪ್ಪಿದವೆಂದೇ ಲೆಕ್ಕ. ಅದು ನನಗೂ ಗೊತ್ತು, ಅವಳಿಗೂ ಗೊತ್ತು, ಮಂದಿಯ ಹೆಸರು ಹೇಳಿ ಹೆದರುತ್ತಿದ್ದ ನನ್ನ ಮಗನಿಗೂ ಗೊತ್ತು.

“ಬಾಗಲಾರದ ರಾಡ್ ಹಾಕಸ್ತೀವು,” ಎಂದೆ ನಾನು.

“ಎಲ್ಲಿ ಸಿಗತೈತಿ ಅದು?”

“ನಿನಗ ಸಿಗೂದಿಲ್ಲ. ನಮಗ ಸಿಗತೈತಿ.”

ಮೊದಲು ಗಡಹಿಂಗ್ಲಜದ ಸ್ಪೇರ್ ಪಾರ್ಟಿನ ಅಂಗಡಿಗೆ ಹೋದೆವು. ಹೋದ ವರ್ಷ ಎರಡು ರಾಡನ್ನೂ ಕೊಟ್ಟವನು ಅವನೇ. ಮೂರನೆಯದನ್ನೂ ಅದೇ ಕಪಾಟಿನಿಂದ, ಅದೇ ಧೂಳಿನ ಜೊತೆ ತೆಗೆದು ಕೌಂಟರಿನ ಮೇಲೆ ಇಟ್ಟ.

“ಇದಾ ಬಾಗತೈತಿ ಅಂತ ಹೇಳಾಕ ಬಂದೇವು,” ಎಂದಳು ಮೊಮ್ಮಗಳು.

“ಗಾಡಿ ರಸ್ತಾದ ಮ್ಯಾಲ ಹೊಡೀಬೇಕವಾ. ಕಲ್ಲಿನ ಮ್ಯಾಲ ಹೊಡದ್ರ ಏನ ಬಾಗೂದಿಲ್ಲ?”

“ರಸ್ತಾದ ಮ್ಯಾಲ ಕುರಿ ಏನ ಮೇಯಬೇಕೋ? ಡಾಂಬರಾ?” ಎಂದೆ. “ಬರೇ ಕುಂತ ಕುಂತ ನಿನ್ನ ಬೆನ್ನ ಬಾಗೇತಿ. ನೀ ಕಬ್ಬಿಣದ ಬಗ್ಗೆ ಹೇಳಬ್ಯಾಡ.”

ಅವನು ಆ ರಾಡನ್ನು ಮತ್ತೆ ಕಪಾಟಿನಲ್ಲಿ ಇಟ್ಟ. ಇಡುವಾಗಲೂ ಅವನಿಗೆ ನಾಚಿಕೆಯಾಗಲಿಲ್ಲ. ನಾಳೆ ಇನ್ನೊಬ್ಬ ಬಡಪಾಯಿ ಬರುತ್ತಾನೆ ಎಂಬ ಭರವಸೆ ಅವನ ಮುಖದಲ್ಲಿತ್ತು.

ಸುದ್ದಿ ಕೊಲ್ಹಾಪುರಕ್ಕೆ ಮುಟ್ಟಿತು. ಅಳಿಯಂದಿರು ಬೆಳ್ಳಗಿನ ಪ್ಯಾಂಟು ಹಾಕಿಕೊಂಡು ಕಾರು ತಂದರು. ನಾಳೆ ತಮ್ಮದಾಗುವ ಜೀಪಿಗೆ ಒಳ್ಳೆಯ ರಾಡು ಬೀಳಲಿ ಎಂಬ ಲೆಕ್ಕವಿರಬೇಕು. ನಮ್ಮಲ್ಲಿ ಅಳಿಯನ ಮಾತಿಗೆ ಅತ್ತೆ ಎದುರಾಡುವ ಪದ್ಧತಿಯಿಲ್ಲ. ಅವರು ಕೂತರೆ ನಾವು ನಿಲ್ಲಬೇಕು, ಅವರು ತಪ್ಪು ಹೇಳಿದರೆ ಹೌದೆನ್ನಬೇಕು. ಈ ಪದ್ಧತಿ ಮಾಡಿದವರು ಯಾರೋ ಅಳಿಯನೇ ಇರಬೇಕು.

“ಅತ್ತ್ಯಾರ, ನಾ ಫೋನಿನಾಗ ಎಲ್ಲಾ ನೋಡೇನ್ರಿ. ಫಾರೆನ್ನದಾಗ ಏನ ಹಾಕ್ತಾರ, ಹೆಂಗ ಹಾಕ್ತಾರ, ಎಲ್ಲಾ. ನನ್ನ ಪರಿಚಯದ ಅಂಗಡಿ ಐತಿ, ಬರ್ರಿ.”

“ಹೌದ್ರಿ,” ಎಂದೆ.

ಅಂಥ ಅಂಗಡಿಯನ್ನು ನಾನು ನೋಡಿರಲಿಲ್ಲ. ಒಳಗೆ ತಂಪು ಗಾಳಿ, ನೆಲದಲ್ಲಿ ಮುಖ ಕಾಣುತ್ತಿತ್ತು. ಕಬ್ಬಿಣ ಮಾರುವ ಜಾಗದಲ್ಲಿ ಒಂದು ಹನಿ ಗ್ರೀಸಿನ ಕಲೆಯಿಲ್ಲ. ಆಗಲೇ ನನಗೆ ಅನುಮಾನ. ಗೋಡೆಗೆ ಕೆಂಪು, ಕಿತ್ತಳೆ, ನೀಲಿ ಬಣ್ಣದ ರಾಡುಗಳನ್ನು ಬಳೆಯಂಗಡಿಯ ಹಾಗೆ ಜೋಡಿಸಿದ್ದರು. ಮಾರುವವನು ನನ್ನನ್ನು ಮರಾಠಿಯಲ್ಲಿ ಮಾವಶಿ, ಮಾವಶಿ ಎಂದು, ಎಂದರೆ ಚಿಕ್ಕಮ್ಮ ಎಂದು, ಕರೆಯುತ್ತ ಒಂದು ಪೆಟ್ಟಿಗೆ ತೋರಿಸಿದ. ಪೆಟ್ಟಿಗೆಯ ಮೇಲೆ ಒಂದು ಜೀಪು ನದಿಯ ಮೇಲೆ ಹಾರುತ್ತಿತ್ತು.

“ಈ ಗಾಡಿ ಇಳದ ಮ್ಯಾಲಿನ ಫೋಟೊ ಐತೇನಪಾ?” ಎಂದು ಕೇಳಿದೆ.

“ಕಾಯ್, ಮಾವಶಿ?” ಏನೆಂದು ಕೇಳಿದ ಅವನು.

“ಹಾರೂದ ತೋರಸೀರಿ. ಇಳದ ಮ್ಯಾಲ ಏನಾತು?”

ಅಳಿಯಂದಿರು ಕೆಮ್ಮಿದರು. “ಅತ್ತ್ಯಾರ, ಹೆವಿ ಡ್ಯೂಟಿ ಐತ್ರಿ ಅದು. ನೋಡ್ರಿ, ಹೆಂಗ ಮಿಂಚತೈತಿ.”

ನಾವು ಟಗರು ಕೊಳ್ಳುವಾಗ ಉಣ್ಣೆಯನ್ನು ನೋಡುವುದಿಲ್ಲ. ಉಣ್ಣೆಯೊಳಗೆ ಕೈ ತೂರಿಸಿ ಬೆನ್ನುಮೂಳೆ ಹಿಡಿಯುತ್ತೇವೆ. ಬೆರಳಿಗೆ ಮೂಳೆ ಚುಚ್ಚಿದರೆ ಮುಂದಿನದಕ್ಕೆ ಹೋಗುತ್ತೇವೆ. ರಾಡಿಗೂ ಹಾಗೇ ಮಾಡಿದೆ. ತುದಿಯ ಪ್ಲಾಸ್ಟಿಕ್ ಟೋಪಿ ಕಿತ್ತು, ಪೈಪಿನೊಳಗೆ ಕಿರುಬೆರಳು ಹಾಕಿ ತಿರುಗಿಸಿದೆ. ಒಳಗೆ ಉದ್ದಕ್ಕೂ ಒಂದು ಗೆರೆ ಸಿಕ್ಕಿತು. ತಗಡು ಮಡಚಿ ಬೆಸೆದ ಗೆರೆ. ದಪ್ಪ ನೋಡಿದರೆ ಹಪ್ಪಳ. ಹೊರಗೆ ಬಣ್ಣ ಮಾತ್ರ ಎರಡು ಪದರ.

“ಇದು ಹೊಲದ ಪೈಪವಾ,” ಎಂದೆ ಮೊಮ್ಮಗಳಿಗೆ. “ನೀರ ಬಿಡೂದಕ್ಕ ಬರತೈತಿ.”

ಅವಳೂ ಬೆರಳು ಹಾಕಿ ನೋಡಿದಳು. ತುಟಿ ಕಚ್ಚಿ ನಗು ತಡೆದಳು. ಮಾರುವವನಿಗೆ ಸಿಟ್ಟು ಬಂತು. ಒಳಗಿನಿಂದ ಇನ್ನೊಂದನ್ನು ತಂದು ಕೌಂಟರಿನ ಮೇಲೆ ಧಡ್ಡೆಂದು ಇಟ್ಟ. ಅದು ಪೈಪಲ್ಲ, ಒಳಗೆ ಟೊಳ್ಳೇ ಇಲ್ಲದ ಕಬ್ಬಿಣದ ಗುಂಡು ಸಲಾಕೆ. ಎತ್ತಲು ನನಗೆ ಎರಡೂ ಕೈ ಬೇಕಾದವು. ಒಪ್ಪಿಬಿಡುವವಳಿದ್ದೆ. ಮೊಮ್ಮಗಳು ಬೇಡವೆಂದಳು.

“ಆಯಿ, ಇದು ಬಾಗೂದಿಲ್ಲ, ಖರೆ. ಆದ್ರ ಕಲ್ಲಿನ ಹೊಡ್ತಾ ಎಲ್ಲಿ ಹೋಗತೈತಿ ಹೇಳು? ತುದೀಗಿರೂ ಗುಂಡಿನ ಜಾಯಿಂಟಿಗಿ ಹೋಗತೈತಿ. ಅದು ಸಣ್ಣದೈತಿ, ಮುರೀತೈತಿ. ಬಾಗಿದ್ರ ನಿಂದರಬಹುದು. ಮುರದ್ರ ಗಾಲಿ ಕೈಯಾಗ ಇರೂದಿಲ್ಲ. ರಾಡ್ ಬದಲ ಮಾಡಿದ್ರ ತುದೀನೂ ದಪ್ಪ ಹಾಕಬೇಕು.”

“ಹಂಗೇನಿಲ್ಲವಾ,” ಎಂದರು ಅಳಿಯಂದಿರು, “ನಾ ಫೋನಿನಾಗ ನೋಡೇನಿ.”

“ಮಾಮಾ, ಫೋನ್ ಹಳ್ಳಾ ದಾಟೇತೇನ್ರಿ?”

ಹೌದ್ರಿ ಎನ್ನುವ ಪದ್ಧತಿ ನನಗಿದೆ, ಅವಳಿಗಿಲ್ಲ. ಅಷ್ಟು ಮಂದಿಯ ನಡುವೆ ಅವಳ ಬೆನ್ನು ತಟ್ಟಬೇಕೆನಿಸಿತು. ಸೆರಗಿನಲ್ಲಿ ಕೈ ಸುತ್ತಿಕೊಂಡು ತಡೆದೆ.

ಪ್ರತಿ ವರ್ಷ ನಮ್ಮಿಂದ ಟಗರು ಒಯ್ಯುವ ಒಬ್ಬ ಮಗ್ಗದ ಮಾಲಕ ಇಚಲಕರಂಜಿಯಲ್ಲಿದ್ದಾನೆ. ಅವನನ್ನು ಕೇಳಿದಾಗ, ತನ್ನ ಓಣಿಯಲ್ಲಿ ಒಬ್ಬ ಲೇಥಿನವನಿದ್ದಾನೆ, ಮಗ್ಗಗಳ ಕಬ್ಬಿಣವೆಲ್ಲ ಅವನೇ ಮಾಡುತ್ತಾನೆ, ಮಾತು ಮಾತ್ರ ಕಹಿ ಎಂದ. ಮಾತು ಕಹಿಯಾಗಿದ್ದರೆ ಮಾಲು ಗಟ್ಟಿಯಿರುತ್ತದೆ ಎಂದುಕೊಂಡೆ. ಮೊಮ್ಮಗಳು ಬಾಗಿದ ರಾಡನ್ನೂ, ಅದನ್ನು ಗಾಲಿಗೆ ಹಿಡಿದಿಡುವ ಎರಡು ಕಬ್ಬಿಣದ ತೋಳುಗಳನ್ನೂ ಬಿಚ್ಚಿ ಚೀಲಕ್ಕೆ ಹಾಕಿದಳು. ಚೀಲಕ್ಕೆ ಕೆಸರು ಹತ್ತಿತ್ತು, ಅಳಿಯಂದಿರ ಕಾರಿಗೆ ಕೆಸರು ಆಗಿಬರುವುದಿಲ್ಲ. ಎಸ್‌ಟಿ ಬಸ್ಸಿನಲ್ಲಿ ಹೋದೆವು. ಅದೇ ಒಳ್ಳೆಯದಾಯಿತು.

ಓಣಿಯ ಎರಡೂ ಕಡೆ ಮಗ್ಗಗಳು ಖಟಖಟ ಹೊಡೆದುಕೊಳ್ಳುತ್ತಿದ್ದವು. ಲೇಥಿನವನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲೆಲ್ಲೂ ಕಬ್ಬಿಣದ ಸುರುಳಿ ಸುರುಳಿ ಚೂರು. ಅವನು ತಿರುಗಿ ಕೂಡ ನೋಡಲಿಲ್ಲ. ನನಗಿಂತ ನಾಲ್ಕು ವರ್ಷ ಸಣ್ಣವನಿರಬೇಕು. ಮೊಮ್ಮಗಳು ಬಾಗಿದ ರಾಡನ್ನು ಅವನ ಮುಂದೆ ಹಿಡಿದಳು.

“ಇದನ್ನ ಯಾವ ಕತ್ತೆ ಹಾಕಿದ್ದು?”

“ಅಂಗಡ್ಯಾಗ ಹಿಂಥಾದ್ದ ಕೊಡ್ತಾರ್ರಿ ಕಾಕಾ.”

“ಕೊಡ್ತಾರ. ಹುಲ್ಲ ಕೊಟ್ರ ತಿಂತಿ ಏನು?”

ನಾನು ಬಾಯಿ ತೆಗೆಯುವವಳಿದ್ದೆ. ಆದರೆ ಅವನು ಆಗಲೇ ಮೂಲೆಯಿಂದ ಒಂದು ಪೈಪು ಎಳೆದು ನನ್ನ ಕಾಲ ಬಳಿ ಇಟ್ಟಿದ್ದ. ಒಳಗೆ ಬೆರಳು ಹಾಕಿದೆ. ಗೆರೆಯಿಲ್ಲ, ನುಣ್ಣಗೆ. ಪೈಪಿನ ಗೋಡೆ ನನ್ನ ಕಿರುಬೆರಳಿಗಿಂತ ಸ್ವಲ್ಪವೇ ತೆಳ್ಳಗಿತ್ತು. ಬಣ್ಣವಂತೂ ಇರಲೇ ಇಲ್ಲ, ತುಕ್ಕಿನ ಒಂದು ಕಲೆಯಿತ್ತು. ಕೊಲ್ಹಾಪುರದ ಆ ತಂಪು ಅಂಗಡಿಯಲ್ಲಿ ಇದನ್ನು ಬಾಗಿಲೊಳಗೂ ಬಿಡುವುದಿಲ್ಲ.

“ತುದಿ ಯಾವುದು ಹಾಕೂನು?” ಎಂದು ಅವನು ಮೊಮ್ಮಗಳನ್ನೇ ಕೇಳಿದ. ಕೇಳಿದ್ದು ಪರೀಕ್ಷೆಗೆ.

“ಸಣ್ಣ ಟ್ರಕ್ಕಿನವ್ರಿ. ಗ್ರೀಸ್ ಹೊಡ್ಯಾಕ ನಿಪ್ಪಲ್ ಇರೂವು. ಈ ತೋಳಿನ ತೂತು ಸಾಲೂದಿಲ್ಲ, ನೀವು ದೊಡ್ಡದ ಮಾಡಿಕೊಡಬೇಕು.”

ಅವನು ಆಗ ಮೊದಲ ಸಲ ಕೈ ಒರೆಸಿಕೊಂಡು ಅವಳ ಕಡೆ ತಿರುಗಿದ. “ಮಗ್ಗದಾಗೂ ಹಂಗ. ಒಂದ ಕಡ್ಡಿ ಭಾಳ ಗಟ್ಟಿ ಮಾಡಿದ್ರ ಅದರ ಬಾಜೂದ್ದು ಮುರೀತೈತಿ. ಎಲ್ಲಾ ಒಂದ ತೂಕದ್ದ ಇರಬೇಕು,” ಎಂದ. ಅವಳ ಕಿವಿ ಕೆಂಪಾದವು. ನನಗಂತೂ ಆ ಕೊಳಕು ಕೋಣೆ ಅರಮನೆಯಾಗಿ ಕಂಡಿತು.

ಪೈಪಿನ ಒಂದು ತುದಿಗೆ ಅವನು ಬಲಕ್ಕೆ ತಿರುಗುವ ಆಟೆ, ಎಂದರೆ ಸ್ಕ್ರೂವಿನ ಸುತ್ತುಗೆರೆ, ಕೊರೆದ, ಇನ್ನೊಂದು ತುದಿಗೆ ಎಡಕ್ಕೆ ತಿರುಗುವ ಆಟೆ. ಯಾಕೆಂದು ಮೊಮ್ಮಗಳು ನನಗೆ ಹೇಳಲು ಬಂದಳು.

“ನನಗ ಹೇಳಬ್ಯಾಡ,” ಎಂದೆ. “ಉಣ್ಣಿ ನೂಲುವಾಗ ಒಂದ ಕಡೆ ಹುರಿ, ಎರಡ ಎಳಿ ಕೂಡಿಸುವಾಗ ಇನ್ನೊಂದ ಕಡೆ ಹುರಿ. ಅಂದ್ರ ಒಂದನ್ನೊಂದು ಹಿಡಕೊಂಡ ಇರತಾವು. ಇಲ್ಲಿ ನಡುವ ಹಿಡದ ತಿರುವಿದ್ರ ಎರಡೂ ತುದಿ ಕೂಡೇ ಒಳಗ ಬರತಾವು, ಕೂಡೇ ಹೊರಗ ಹೋಗತಾವು. ಗಾಲಿ ಸರಳ ಮಾಡಾಕ. ಹೌದಲ್ರಿ?”

“ಹಾಂ,” ಎಂದ ಲೇಥಿನವನು. ಅವನಿಂದ ಅದಕ್ಕಿಂತ ಹೆಚ್ಚು ಬರುವುದಿಲ್ಲವೆಂದು ಆಗಲೇ ತಿಳಿದಿತ್ತು. ಹೊರಡುವಾಗ ಒಂದು ಮಾತು ಹೇಳಿದ. ತುದಿಯ ಜಾಯಿಂಟಿನ ಕೆಳಗಿನ ಮೊಳೆ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ ಇರುತ್ತದೆ. ತೋಳಿನ ತೂತೂ ಹಾಗೇ. ಬೆಣೆ ಹೊಡೆದಂತೆ ಅದು ಬಿಗಿಯಾಗಿ ಕೂರಬೇಕು. “ಒಣಾ ಇರಬೇಕು. ಎಣ್ಣಿ ಹಚ್ಚಬ್ಯಾಡ್ರಿ, ಗ್ರೀಸ್ ಹಚ್ಚಬ್ಯಾಡ್ರಿ. ತಿಳೀತಿಲ್ಲೋ?”

“ನಾವೇನ ಕುರಿ ಅಲ್ಲ,” ಎಂದೆ.

ಇನ್ನು ಮುಂದಿನದನ್ನು ಬರೆಯಲು ಕೈ ಸ್ವಲ್ಪ ತಡೆಯುತ್ತದೆ. ಬರೆಯುತ್ತೇನೆ.

ನಮ್ಮ ಮನೆಗೆ ಹೊಸ ಕಬ್ಬಿಣ ಬಂದರೆ, ಉಣ್ಣೆ ಕತ್ತರಿಸುವ ಕತ್ತರಿಯೇ ಇರಲಿ, ಕೊಡಲಿಯೇ ಇರಲಿ, ಬೀರದೇವರ ಭಂಡಾರ ಹಚ್ಚದೆ ಬಳಸುವುದಿಲ್ಲ. ಭಂಡಾರ ಎಂದರೆ ದೇವರ ಅರಿಶಿನದ ಪುಡಿ. ಭಾನುವಾರ ಮುಂಜಾನೆ ಮೊಮ್ಮಗಳು ತೋಳುಗಳನ್ನು ಗಾಲಿಗೆ ಕೂಡಿಸಿ, ರಾಡನ್ನು ಚೀಲದ ಮೇಲೆ ಮಲಗಿಸಿ, ರೊಟ್ಟಿ ತಿನ್ನಲು ಒಳಗೆ ಹೋದಳು. ನಾನು ಭಂಡಾರದ ಚೀಲ ತಂದೆ. ರಾಡಿಗೆ ಹಚ್ಚಿದೆ, ತುದಿಗೆ ಹಚ್ಚಿದೆ, ಮೊಳೆಗೆ ಹಚ್ಚಿದೆ. ಅಷ್ಟಕ್ಕೆ ಮನಸ್ಸು ತುಂಬಲಿಲ್ಲ. ಹುಡುಗಿಯ ಜೀವ ಹಿಡಿಯುವ ಜಾಗವದು ಎಂದು, ತೋಳಿನ ತೂತಿನೊಳಗೆ ಕಿರುಬೆರಳಿನಿಂದ ಒತ್ತಿ ಒತ್ತಿ ತುಂಬಿದೆ. ಎಣ್ಣೆ ಬೇಡ ಎಂದಿದ್ದ, ಹಚ್ಚಲಿಲ್ಲ. ಗ್ರೀಸು ಬೇಡ ಎಂದಿದ್ದ, ಹಚ್ಚಲಿಲ್ಲ. ಒಣಗಿರಬೇಕು ಎಂದಿದ್ದ, ಭಂಡಾರಕ್ಕಿಂತ ಒಣಗಿದ್ದು ಇನ್ನೇನಿದೆ?

ಮೊಮ್ಮಗಳು ಬಂದಳು, ನೋಡಿದಳು. ಒಂದು ಗಳಿಗೆ ನಿಂತಳು. ಆಮೇಲೆ ರಾಡು ಕೂರಿಸಿ, ನಟ್ಟು ಬಿಗಿದು, ಪಿನ್ನು ಹಾಕಿ ಮಡಚಿದಳು.

ಗುಡ್ಡಕ್ಕೆ ಹೋಗುವ ಮೊದಲು ಊರ ಹೊರಗಿನ ಕಚ್ಚಾ ರಸ್ತೆಯಲ್ಲಿ ಎರಡು ದಿನ ಓಡಿಸಿ ನೋಡಿದಳು. ಎರಡನೆಯ ದಿನ, ಕುರಿಯನ್ನು ಜೊತೆಯವರಿಗೆ ಒಪ್ಪಿಸಿ ಸಂತೆಗೆಂದು ಕೆಳಗಿಳಿದಿದ್ದ ಮಗನೂ ಪಕ್ಕದಲ್ಲಿ ಕೂತಿದ್ದ. ತಿರುವಿನಲ್ಲಿ ಸ್ಟೇರಿಂಗ್ ಗಡಗಡ ನಡುಗಿತಂತೆ. ಹತ್ತಿದವನ ಮುಖವೇ ಬೇರೆ, ಇಳಿದವನ ಮುಖವೇ ಬೇರೆ.

“ಬಾಗೂದಿಲ್ಲ ಅಂತೀರಿ. ಬಾಗೂಕ್ಕಿಂತಾ ಮದಲ ಅಳ್ಳಾಡಾಕತ್ತೇತಿ. ಆತು, ದಾಜಿಗಿ ಫೋನ್ ಮಾಡ್ತೇನಿ.” ಮಾಡಿಯೂ ಬಿಟ್ಟ. ಅಳಿಯಂದಿರು ಬುಧವಾರ ಬರುತ್ತೇನೆ ಎಂದರು. ಆ ಕಡೆಯಿಂದ ಅವರ ನಗು ನನಗೇ ಕೇಳಿಸಿತು.

ನನ್ನ ಮೈಯೆಲ್ಲ ಉರಿಯಿತು. ಲೇಥಿನವನಿಗೆ ಫೋನು ಹಚ್ಚಿಸಿದೆ. ಅವನಿಗೆ ನಾನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಅವನ ಲೇಥನ್ನು ಬೈದೆ, ಅವನ ಓಣಿಯನ್ನು ಬೈದೆ, ಅವನ ಕೈಯಿಂದಾದ ಮಗ್ಗದಲ್ಲಿ ನೇಯ್ದ ಬಟ್ಟೆ ಉಟ್ಟವರ ಮಾನವೂ ನಿಲ್ಲುವುದಿಲ್ಲ ಎಂದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ.

“ಆತೇನು?” ಎಂದ. “ಈಗ ನಟ್ ಬಿಚ್ಚಿ ಮೊಳಿ ನೋಡ್ರಿ. ಮೊಳಿ ತಿಕ್ಕಿ ಬೆಳ್ಳಗಾಗಿದ್ರ ತಪ್ಪು ನಂದು. ಬ್ಯಾರೆ ಏನರೆ ಇದ್ರ ನಿಮ್ಮದು.” ಫೋನು ಇಟ್ಟ.

ಮೊಮ್ಮಗಳು ಜೀಪಿನ ಕೆಳಗೆ ತೂರಿ ನಟ್ಟು ಬಿಚ್ಚಿದಳು. ಸುತ್ತಿಗೆಯಿಂದ ತೋಳಿನ ಬದಿಗೆ ಒಂದೇ ಪೆಟ್ಟು. ಬೆಣೆಯಂತೆ ಕೂತಿರಬೇಕಾದದ್ದು ಮುಟ್ಟಿದರೇ ಬಂತು. ಮೊಳೆಯ ಮೇಲೆ ಅರ್ಧ ಕಬ್ಬಿಣ, ಅರ್ಧ ಹಳದಿ. ನನ್ನ ಭಂಡಾರ ಒಳಗೆ ಅರೆದು ಗಟ್ಟಿ ಹೆಪ್ಪಾಗಿ ಕೂತು, ಕಬ್ಬಿಣಕ್ಕೆ ಕಬ್ಬಿಣ ತಾಗದ ಹಾಗೆ ಮಾಡಿತ್ತು. ಓಡುತ್ತ ಓಡುತ್ತ ಪುಡಿ ಕುಗ್ಗಿ, ನಟ್ಟು ಬಿಗಿಯಿದ್ದರೂ ಒಳಗೆ ಸಡಿಲಾಗಿತ್ತು.

ಮಗ ನನ್ನ ಬೆರಳು ನೋಡಿದ. ಎರಡು ದಿನವಾದರೂ ಉಗುರಿನ ಸಂದಿಯಲ್ಲಿ ಹಳದಿ ಹಾಗೇ ಇತ್ತು.

“ನಿನಗ ಗೊತ್ತಿತ್ತಲ್ಲವಾ?” ಎಂದೆ ಮೊಮ್ಮಗಳಿಗೆ. “ಆವತ್ತ ನೋಡಿದಿ. ಒರಸಬೇಕಿಲ್ಲೋ?”

ಅವಳು ಜೀಪಿನ ಕೆಳಗೇ ಮಲಗಿದ್ದಳು. ಮುಖ ಕಾಣಲಿಲ್ಲ. “ನೀ ಹಚ್ಚಿದ್ದ ಭಂಡಾರ ಆಯಿ. ಒರಸಾಕ ಕೈ ಬರಲಿಲ್ಲ.”

ಗಡಹಿಂಗ್ಲಜದವನ ಬೆನ್ನನ್ನು ಹಳಿದಿದ್ದೆ. ಕೊಲ್ಹಾಪುರದ ಬಣ್ಣವನ್ನು ಹಳಿದಿದ್ದೆ. ಇಚಲಕರಂಜಿಯವನನ್ನು ಏಳು ತಲೆಮಾರು ಸೇರಿಸಿ ಬೈದಿದ್ದೆ. ಅವರೆಲ್ಲ ಸೇರಿ ಮಾಡದ ಕೆಲಸವನ್ನು ನನ್ನ ಕಿರುಬೆರಳು ಮಾಡಿತ್ತು. ಹುಡುಗಿ ಆ ರಾಡು ಹಾಕಿಕೊಂಡು ಹಳ್ಳಕ್ಕಿಳಿದಿದ್ದರೆ? ಇಷ್ಟು ವಯಸ್ಸಿನಲ್ಲಿ ನನ್ನ ಮೇಲೆ ನನಗೇ ಇಷ್ಟೊಂದು ಅಸಹ್ಯ ಹುಟ್ಟಿದ್ದು ಅದೇ ಮೊದಲು.

ಪೆಟ್ರೋಲಿನಲ್ಲಿ ಬಟ್ಟೆ ಅದ್ದಿಕೊಂಡು ಬಾ ಎಂದೆ. ನೆಲದ ಮೇಲೆ ಕೂತು ನಾನೇ ಒರೆಸಿದೆ. ತೂತು, ಮೊಳೆ, ಸಂದಿ, ಎಲ್ಲ. ಹಳದಿ ಹೋಗಿ ಬೆಳ್ಳಗೆ ಆಗುವವರೆಗೆ ಒರೆಸಿದೆ. ದೇವರಿಗೆ ಸಿಟ್ಟು ಬಂದರೆ ನನ್ನ ಮೇಲೆ ಬರಲಿ ಎಂದು ಗಟ್ಟಿಯಾಗಿ ಹೇಳಿ ಒರೆಸಿದೆ. ಮೊಮ್ಮಗಳು ಮತ್ತೆ ಕೂರಿಸಿದಳು. ಈ ಸಲ ನಟ್ಟು ಬಿಗಿಯುವಾಗ ಕಬ್ಬಿಣ ಕಿರ್ ಎಂದು ಕಚ್ಚಿಕೊಂಡ ಸದ್ದು ನನಗೂ ಕೇಳಿಸಿತು.

ಬುಧವಾರ ಅಳಿಯಂದಿರು ಬಂದರು. ಅದೇ ಬೆಳ್ಳಗಿನ ಪ್ಯಾಂಟು. ಜೀಪಿನ ಸುತ್ತ ತಿರುಗಿ, ದೀಪ ಎಲ್ಲಿ ಕೂರಿಸಬೇಕೆಂದು ಗೇಣು ಹಾಕಿ ನೋಡಿದರು. ಮಗ ನನ್ನ ಮುಖ ನೋಡಲಿಲ್ಲ.

“ಕೊಡೂದಾದ್ರ ಕೊಡು,” ಎಂದೆ. “ಆದ್ರ ಎಮ್ಮೆಕಲ್ಲ ದಾಟಿ ಬಂದ ಮ್ಯಾಲ ಕೊಡು. ನೀ ಹೇಳಿದ್ದ ಮಾತು ಬಾಗಿದ್ರ ಅಂತ. ಇನ್ನ ಬಾಗಿಲ್ಲ.”

ನಾಲ್ವರೂ ಹತ್ತಿದೆವು. ಅಳಿಯಂದಿರಿಗೆ ಮುಂದಿನ ಜಾಗ, ಪದ್ಧತಿಯಂತೆ. ಹಿಂದೆ ಉಪ್ಪಿನ ಚೀಲದ ಮೇಲೆ ನಾನು ಮತ್ತು ಮಗ. ಹಿಂದಿನ ದಿನ ಮಳೆಯಾಗಿ ಹಳ್ಳ ಕೆಂಪಾಗಿ ಹರಿಯುತ್ತಿತ್ತು. ಮೊದಲ ಕಲ್ಲಿಗೇ ಅಳಿಯಂದಿರು ಹಗ್ಗ ಹಿಡಿದುಕೊಂಡರು. ಎರಡನೆಯದಕ್ಕೆ ಫೋನು ಜೇಬಿಗೆ ಹೋಯಿತು. ಮೊಮ್ಮಗಳು ಹಾಡು ಗುನುಗುತ್ತಿದ್ದಳು, ಆದರೆ ಎಮ್ಮೆಕಲ್ಲು ಕಂಡ ಕೂಡಲೇ ಹಾಡು ನಿಂತಿತು. ಎಡಗಾಲಿ ಹತ್ತಿಸಿದಳು. ಬಲಗಾಲಿ ಪಾಚಿಗೆ ಜಾರಿತು. ಜೀಪಿನ ಮೂತಿ ಕುಸಿದು, ಕೆಳಗೆ ಕಬ್ಬಿಣ ಕಲ್ಲಿಗೆ ಹೊಡೆದ ಸದ್ದು ಗುಡ್ಡಕ್ಕೆ ಕೇಳಿಸಿತು. ಹೋದ ವರ್ಷದ್ದಕ್ಕಿಂತ ಜೋರಾದ ಪೆಟ್ಟು. ನನ್ನ ಹಲ್ಲು ಒಂದಕ್ಕೊಂದು ತಾಗಿದವು.

ಅವಳು ಗಾಡಿ ಹಿಂದೆ ಬಿಟ್ಟು, ಮತ್ತೆ ಹತ್ತಿಸಿ, ಆಚೆ ದಡಕ್ಕೆ ಒಯ್ದು ನಿಲ್ಲಿಸಿದಳು. ಸ್ಟೇರಿಂಗಿನ ಮೇಲಿನ ಕೈ ತೆಗೆಯಲಿಲ್ಲ. ಹಿಂದೆ ತಿರುಗಿ ಅಪ್ಪನನ್ನೂ ನೋಡಲಿಲ್ಲ.

ಮಗ ಇಳಿದು ಕೆಸರಿನಲ್ಲಿ ಬೆನ್ನ ಮೇಲೆ ಮಲಗಿ ಒಳಗೆ ತೂರಿದ.

“ಕಣ್ಣಿಗಿ ಸರಳ ಕಾಣತೈತಿ,” ಎಂದು ಅಲ್ಲಿಂದಲೇ ಹೇಳಿದ. “ಆದ್ರ ಕಣ್ಣಿನ ನಂಬಿಕಿ ಇಲ್ಲ. ಯವ್ವಾ, ಒಂದ ನೂಲ ಕೊಡು.”

ಸೊಂಟದಲ್ಲಿ ಉಣ್ಣೆಯ ನೂಲಿನ ಉಂಡೆ ನನಗೆ ಯಾವಾಗಲೂ ಇರುತ್ತದೆ. ಎಳೆದು ಕೊಟ್ಟೆ. ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿಯನ್ನು ಮೊಮ್ಮಗಳು ಕೆಳಗೆ ತೂರಿ ಹಿಡಿದಳು. ರಾಡಿನ ಉದ್ದಕ್ಕೂ ನೂಲು ಬಿಗಿಯಾಗಿ ಎಳೆದರು. ನಾನು ಬಗ್ಗಿ ನೋಡಿದೆ. ರಾಡಿ‌ನ ಮೈಮೇಲೆ ಕಲ್ಲು ತರಚಿದ ಒಂದು ಬಿಳಿ ಗಾಯವಿತ್ತು. ನೂಲಿಗೂ ಕಬ್ಬಿಣಕ್ಕೂ ನಡುವೆ ಕೂದಲಿನಷ್ಟೂ ಸಂದಿಯಿರಲಿಲ್ಲ. ಮಗ ತುದಿಯ ಜಾಯಿಂಟು ಹಿಡಿದು ಜಗ್ಗಿದ, ಇನ್ನೊಂದನ್ನೂ ಜಗ್ಗಿದ. ಎರಡೂ ಅಲುಗಲಿಲ್ಲ.

ಅವನು ಹೊರಗೆ ಬಂದಾಗ ಬೆನ್ನೆಲ್ಲ ಕೆಂಪು ಕೆಸರು. ಮಗಳ ಕಡೆ ನೋಡಿದ. ಆಗ ನಾನು ಅವನ ಮುಖ ಕಂಡೆ. ಇಷ್ಟು ದಿನ ಮಂದಿ, ಮಂದಿ ಎನ್ನುತ್ತಿದ್ದನಲ್ಲ, ಆ ಮಂದಿ ಯಾರೂ ಆ ಮುಖದಲ್ಲಿರಲಿಲ್ಲ. ಒಬ್ಬ ಅಪ್ಪ ಮಾತ್ರ ಇದ್ದ. ಅವನ ಹೆದರಿಕೆಗೆ ನಾನು ಇಷ್ಟು ದಿನ ಮೂಗು ಮುರಿದಿದ್ದು ಸ್ವಲ್ಪ ಹೆಚ್ಚಾಯಿತೇನೋ. ಸ್ವಲ್ಪವೇ.

“ದಾಜಿ,” ಎಂದ ಅಳಿಯಂದಿರಿಗೆ, “ತಪ್ಪ ತಿಳಕೋಬ್ಯಾಡ್ರಿ. ಜೀಪು ಕೊಡಾಕ ಆಗೂದಿಲ್ಲ. ಕುರಿಗಿ ಬೇಕು. ಇಕಿಗೂ ಬೇಕು.”

ಅಳಿಯಂದಿರು ಏನೋ ಹೇಳಲು ಹೋದರು. ಅಷ್ಟರಲ್ಲಿ ಮೊಮ್ಮಗಳು ಗಾಡಿ ಸುರು ಮಾಡಿದ್ದಳು. ನನ್ನ ಕಣ್ಣಿನಲ್ಲಿ ನೀರು ಬಂದಿತ್ತು, ಹಳ್ಳದ ನೀರು ಸಿಡಿಯಿತೆಂದು ಹೇಳಿ ಒರೆಸಿಕೊಂಡೆ.

ಹಟ್ಟಿಯಲ್ಲಿ ಹಿಂದಿನ ರಾತ್ರಿ ಮೂರು ಮರಿ ಹುಟ್ಟಿದ್ದವು. ಮಗ ಅಲ್ಲೇ ಉಳಿದ. ಇಳಿಯುವಾಗ ಎರಡು ಮರಿ ನನ್ನ ಕಂಬಳಿಯಲ್ಲಿ. ಮೂರನೆಯದಕ್ಕೆ ಜಾಗವಿರಲಿಲ್ಲ. ಪದ್ಧತಿ ಬಿಡದೆ, ತಲೆಯ ಮೇಲೆ ಸೆರಗು ಎಳೆದುಕೊಂಡು ಕೇಳಿದೆ.

“ಅಳಿಯಾರ, ಒಂದೀಟ ಹಿಡಕೋತೀರೇನ್ರಿ?”

ಬೇಡವೆನ್ನಲು ಅವರಿಗೆ ಬರಲಿಲ್ಲ. ಒದ್ದೆ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಎಮ್ಮೆಕಲ್ಲು ದಾಟುವಾಗ ಹಗ್ಗ ಹಿಡಿಯಲು ಕೈ ಖಾಲಿ ಇರಲಿಲ್ಲ, ಮರಿಯನ್ನೇ ಅಪ್ಪಿಕೊಂಡರು. ಮರಿ ಮಾಡುವ ಕೆಲಸ ಮರಿ ಮಾಡಿತು. ಬೆಳ್ಳಗಿನ ಪ್ಯಾಂಟು ಯಾವ ಬಣ್ಣಕ್ಕೆ ತಿರುಗಿತೆಂದು ನಾನು ಹಿಂದೆ ಕೂತು ಕಣ್ತುಂಬ ನೋಡಿದೆ. ಮೊಮ್ಮಗಳ ಹಾಡು ಮತ್ತೆ ಸುರುವಾಗಿತ್ತು.

ಸಂಜೆ ಲೇಥಿನವನಿಗೆ ಫೋನು ಹಚ್ಚಿಸಿದೆ. ಬೈದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮಾತು ನನಗೆ ಅಷ್ಟಾಗಿ ಗೊತ್ತಿಲ್ಲ.

“ಮೊಳಿ ಹಳದಿ ಇತ್ರಿ,” ಎಂದೆ. “ಭಂಡಾರ. ನಂದ ತಪ್ಪು.”

“ಗೊತ್ತಿತ್ತು. ನಮ್ಮ ಮನ್ಯಾಗೂ ಒಬ್ಬಾಕಿ ಅದಾಳ,” ಎಂದ. “ಈಗ ಹಚ್ಚೇರೇನು?”

“ಹಚ್ಚೇನಿ. ಪೈಪಿನ ನಟ್ಟನಡುವ, ಹೊರಗ. ತೂತಿನಾಗಲ್ಲ.”

“ಹಾಂ,” ಎಂದ. ಫೋನು ಇಟ್ಟ.